ಖಾಲಿ ಪರದೆಗೆ ಬಂದ ಉತ್ತರ

"ನಿಮ್ಮ ಪ್ರೋಗ್ರಾಂ ಸುಳ್ಳು ಹೇಳ್ತಿದೆ!"

ಬಾಗಿಲು ದೂಡಿಕೊಂಡು ಒಳನುಗ್ಗಿದವಳನ್ನು ಅವನು ತಲೆಯೆತ್ತಿ ನೋಡಿದ. ಪ್ರಯೋಗಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಅವನು ಬಂದು ಸೇರಿ ಇನ್ನೂ ವಾರವಾಗಿರಲಿಲ್ಲ. ಮನಶ್ಶಾಸ್ತ್ರ ವಿಭಾಗದಲ್ಲಿ 'ಮೆಣಸಿನಕಾಯಿ' ಎಂಬ ಅಡ್ಡಹೆಸರಿನ ಸಂಶೋಧಕಿ ಇದ್ದಾಳೆಂದು ಮಾತ್ರ ಕೇಳಿದ್ದ.

ಇವಳೇ ಇರಬೇಕು...

"ಕೂತ್ಕೊಂಡು ಹೇಳಿ."

"ಕೂರಲ್ಲ! ನೀವೇ ಎದ್ದು ಬನ್ನಿ!"

ಪಕ್ಕದ ಕೋಣೆಯಲ್ಲಿ ಅವಳ ಸಂಶೋಧನೆಯ ಪರೀಕ್ಷೆಗೆ ಬಂದಿದ್ದ ಟೈಲರ್ ಅಜ್ಜ ಕೂತಿದ್ದರು. ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು, ಕೈ ನಿಧಾನವಾಗಿತ್ತು. ಪರದೆಯ ಮೇಲೆ ಬರುವ ಮುಖ ಪರಿಚಯದ್ದಾದರೆ ಅವರು ಗುಂಡಿ ಒತ್ತಬೇಕು.

ಹೆಂಡತಿಯ ಮುಖ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಪರದೆ ಖಾಲಿ.

ಆಗ ಅಜ್ಜನ ಬೆರಳು ನಡುಗುತ್ತಾ ಗುಂಡಿ ಒತ್ತಿತು!

'ಉತ್ತರವಿಲ್ಲ' ಎಂದು ಬರೆದುಕೊಂಡಿತು ಕಂಪ್ಯೂಟರು.

ಪಕ್ಕದಲ್ಲಿದ್ದ ಅಜ್ಜಿಯ ಮುಖ ಸಣ್ಣದಾಯಿತು. "ಇವರಿಗೆ ನನ್ನ ಗುರುತೇ ಸಿಗಲಿಲ್ವಾ ಮಗಳೇ?"

"ಸಿಕ್ಕಿದೆ ಅಜ್ಜಿ! ನಾನು ಕಣ್ಣಾರೆ ನೋಡಿದೆ!" ಎಂದಳು ಅವಳು.

ಅವನು ಮೆಲ್ಲಗೆ ಹೇಳಿದ. "ಮುಖ ಹೋದ ತಕ್ಷಣ ಇದು ಸಮಯ ಎಣಿಸೋದನ್ನ ನಿಲ್ಲಿಸಿಬಿಡ್ತಿದೆ. ಖಾಲಿ ಪರದೆ ಬಂದ ಮೇಲೂ ಎಣಿಕೆ ನಡೀತಾ ಇರಬೇಕು, ಮುಖ ಕಾಣಿಸಿದ ಕ್ಷಣದಿಂದಲೇ."

"ಸರಿ ಮಾಡಿ ಮತ್ತೆ!"

"ವಿಭಾಗದ ಹೆಡ್ ಮೇಡಂ ಒಪ್ಪಬೇಕಲ್ಲ..."

"ಇಂಥವರಿಗೆ ತಮ್ಮವರ ಗುರುತೂ ಸಿಗಲ್ಲ ಅಂತ ವರದಿ ಬರೆದು ಮುಗಿಸು ಅಂದಿದ್ದಾರೆ ನಿಮ್ಮ ಮೇಡಂ. ನಾನು ಬರೆಯಲ್ಲ!"

ಆ ಕೆಂಡದಂಥ ಕಣ್ಣಲ್ಲಿ ನೀರು ಕಂಡು ಅವನು ಕುರ್ಚಿ ಎಳೆದುಕೊಂಡ.

ಅಂದಿನಿಂದ ಇಬ್ಬರೂ ಒಟ್ಟಿಗೆ ಕೂತರು. ಅವನು ಪ್ರೋಗ್ರಾಂ ತಿದ್ದಿ ಬರೆಯುತ್ತಿದ್ದ, ಅವಳು ಬೇಕೆಂದೇ ತಡಮಾಡಿ ಗುಂಡಿ ಒತ್ತಿ ತಪ್ಪು ಹುಡುಕುತ್ತಿದ್ದಳು. ಎಷ್ಟು ರೇಗಿದರೂ ಅವನು ನಗುತ್ತಿದ್ದ.

'ಈ ಮನುಷ್ಯನಿಗೆ ಸಿಟ್ಟೇ ಬರಲ್ವಾ?' ಅವನು ಬಾರದ ದಿನ ಕೋಣೆ ಭಣಗುಟ್ಟುತ್ತಿತ್ತು... ಯಾಕೋ!

ಒಂದು ಮಧ್ಯಾಹ್ನ ಮೇಡಂ ಕೋಣೆಯ ಬಾಗಿಲಲ್ಲಿ ಅವನ ಮಾತು ಅವಳ ಕಿವಿಗೆ ಬಿತ್ತು.

"ಅವರ ಫಲಿತಾಂಶ ಯಾವುದನ್ನೂ ಇಟ್ಟುಕೊಳ್ಳೋಕೆ ಆಗಲ್ಲ ಮೇಡಂ..."

ಇವನೂನಾ?

"ಬೆನ್ನಿಗೆ ಚೂರಿ ಹಾಕಿದ್ರಲ್ಲ!" ಒಳಗೆ ನುಗ್ಗಿದಳು. "ಮೇಡಂ, ಬೇಕಾದ್ರೆ ನನ್ನನ್ನ ತೆಗೆದುಹಾಕಿ. ನಾನು ಸುಳ್ಳು ಬರೆಯಲ್ಲ!"

"ಅಯ್ಯೋ, ಕೇಳಿ ಇಲ್ಲಿ..." ಎಂದ ಅವನ ಮುಖದೆದುರೇ ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಮರುದಿನ ಪುಸ್ತಕ ತುಂಬಿಕೊಂಡು ಹೋಗಲು ಬಂದವಳು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಅಜ್ಜ ಪರದೆಯ ಮುಂದೆ. ಪಕ್ಕದಲ್ಲಿ ಅವನು. ಹಿಂದೆ ಕೈಕಟ್ಟಿ ನಿಂತ ಮೇಡಂ.

ಅಜ್ಜಿಯ ಮುಖ ಬಂತು, ಹೋಯಿತು. ಖಾಲಿ ಪರದೆ. ಬೆರಳು ನಡುಗಿತು... ಒತ್ತಿತು.

'ಪರಿಚಿತ ಮುಖ.'

ಅಜ್ಜಿ ಗಂಡನ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಹಳೇ ಲೆಕ್ಕವೇ ತಪ್ಪು, ಎಲ್ಲರನ್ನೂ ಮತ್ತೆ ಕೂರಿಸಿ, ಇಲ್ಲದಿದ್ರೆ ಕೆಲಸ ಬಿಡ್ತೀನಿ ಅಂತ ನಿನ್ನೆ ಹಟ ಹಿಡಿದ ಈ ಪುಣ್ಯಾತ್ಮ," ಎಂದರು ಅವಳತ್ತ ತಿರುಗಿ. "ಹೋಗು, ಎಲ್ಲರನ್ನೂ ಕರೆಸು."

ಕಾರಿಡಾರಿಗೆ ಬಂದವಳ ಹಿಂದೆಯೇ ಅವನೂ ಬಂದ.

"ನಿನ್ನೆ ಯಾಕೆ ಹೇಳಲಿಲ್ಲ?"

"ಬಾಯಿ ತೆರೆಯೋಕೆ ಬಿಟ್ರಾ ನೀವು?"

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಅಳುವೂ!

"ಒಂದು ಮಾತು ಹೇಳ್ತೀನಿ, ನಗಬಾರದು. ನನಗೆ ನೀವು ಬೇಕು. ಯಾರು ಏನೇ ಅಂದ್ಕೊಳ್ಳಲಿ!"

ಅವನು ನಗಲಿಲ್ಲ. ಮೊದಲ ಬಾರಿಗೆ ಅವನ ಕಣ್ಣು ಒದ್ದೆಯಾಗಿತ್ತು.

"ಜೀವನಪೂರ್ತಿ ಹೀಗೇ ಬೈತೀರಾ?"

"ಬೈತೀನಿ."

"ಹಾಗಾದ್ರೆ 'ನೀವು' ಬೇಡ. 'ನೀನು' ಅಂತಲೇ ಬೈ."

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾರಿಡಾರಿನ ತುಂಬ ಜನ!

"ಎಲ್ಲ ನೋಡ್ತಿದ್ದಾರೆ ಕಣೇ..."

"ನೋಡಲಿ ಬಿಡೋ!"