ಪಕ್ಕದಿಂದ ಕಾಣದ ಸ್ಕ್ರೀನ್

"ಇದೇನ್ ಹಚ್ಚಿ ಹೋಗೀರಿ? ಎದ್ದು ನಿಂತ್ರ ನನಗ ಕಾಣವಲ್ದು, ಬಾಜೂಕ ಕುಂತವರಿಗೆ ಛಲೋ ಕಾಣಸ್ತೈತಿ!"

ಫೋನಿನಲ್ಲಿ ಸುರೇಖಾಳ ದನಿ ಕೇಳಿ ಗವಿಸಿದ್ದೇಶ ಕಂಪ್ಯೂಟರ್ ಅಂಗಡಿಗೆ ಬೀಗ ಹಾಕಿ ಓಡಿದ.

ಸುರೇಖಾ ಕುಕನೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವವಳು. ಕಾಯುವವರ ಬೆಂಚು ಅವಳ ಸ್ಕ್ರೀನಿನ ಪಕ್ಕದಲ್ಲೇ ಇತ್ತು. ಹೋದ ವಾರ ಅಲ್ಲಿ ಕುಳಿತವರಾರೋ ತಮ್ಮ ಓಣಿಯ ಹೊಳಿಯಮ್ಮನ ಸೊಸೆಯ ರಿಪೋರ್ಟ್ ಓದಿಬಿಟ್ಟಿದ್ದರು. ಅವಳು ಬಸುರಿ ಎಂಬ ಸುದ್ದಿ ಗಂಡನಿಗಿಂತ ಮೊದಲು ಓಣಿಗೆ ಗೊತ್ತಾಗಿತ್ತು.

"ನಾನ ಹೇಳಬೇಕಂತ ಆಸೆ ಇತ್ತಕ್ಕ" ಎಂದು ಆ ಹುಡುಗಿ ಅತ್ತಿದ್ದಳು. ಅಂದೇ ಸುರೇಖಾ, ಪಕ್ಕದವರಿಗೆ ಕಾಣದಂತೆ ಮಾಡುವ ಫಿಲ್ಮ್ ಹಚ್ಚಲು ಗವಿಸಿದ್ದೇಶನಿಗೆ ಹೇಳಿದ್ದಳು.

ಅವನು ಬಂದು ನೋಡಿ ತಲೆ ಕೆರೆದುಕೊಂಡ. "ಇದರಾಗ ಸಣ್ಣ ಸಣ್ಣ ಗೆರಿ ಇರ್ತಾವ್ರಿ. ಅವು ಉದ್ದಕ್ಕ ನಿಂದ್ರಬೇಕು. ನಾ ಅಡ್ಡ ಹಚ್ಚೀನಿ."

"ಮೊದಲ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ರಿ. ಹಚ್ಚೂಮುಂದ ನೀವು ಬಾಜೂಕ ನಿಂತಿದ್ರಿ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಸಿಟ್ಟನ್ನಷ್ಟೇ ತೋರಿಸಿದಳು.

ಹೊಸ ಫಿಲ್ಮ್ ಅಂಟಿಸಿದ ಮೇಲೆ ಅವನನ್ನು ಬೆಂಚಿಗೆ ಕಳಿಸಿದಳು. "ಅಲ್ಲೇ ಕುಂತು ನೋಡ್ರಿ. ನಾ ಏನರ ಟೈಪ್ ಮಾಡ್ತೀನಿ."

ಅವಳು ಬರೆದಳು: 'ಒಂದ ಕೆಲಸ ಎರಡು ಸಲ ಮಾಡ್ತೀರಿ. ಹೇಳೂ ಮಾತು ಒಂದು ಸಲಾನೂ ಹೇಳೂದಿಲ್ಲ.'

"ಕಾಣಸ್ತೈತೇನ್ರಿ?"

"ಇಲ್ರಿ. ಪೂರಾ ಕರ್ರಗೈತಿ."

ಅವಳಿಗೆ ಧೈರ್ಯ ಬಂತು. 'ನೀವು ಬಂದ್ರ ತಲಿ ಕೆಡತೈತಿ. ಬರದಿದ್ರ ಇನ್ನೂ ಕೆಡತೈತಿ.'

"ಈಗ?"

"ಈಗೂ ಇಲ್ರಿ. ಏನ್ ಬರದೀರಿ?"

"ರಿಪೋರ್ಟ್."

"ಯಾರದು?"

ಅಳಿಸಲು ಹೋದ ಬೆರಳು ನಿಂತಿತು. ಒಂದು ವರ್ಷದಿಂದ ಈ ಮನುಷ್ಯ ಮೌಸ್ ಸರಿಮಾಡಲು ಬರುತ್ತಾನೆ, ಪ್ರಿಂಟರ್ ನೋಡಲು ಬರುತ್ತಾನೆ, ಬಾಗಿಲ ತನಕ ಹೋಗಿ ತಿರುಗಿ ನೋಡುತ್ತಾನೆ, ಹೋಗುತ್ತಾನೆ. ಸಾಕಾಗಿತ್ತು.

ಅವಳು ಕುರ್ಚಿ ಸರಿಸಿ ಜಾಗ ಬಿಟ್ಟಳು. "ಅಲ್ಲಿ ಕುಂತ್ರ ಯಾವತ್ತೂ ಕಾಣೂದಿಲ್ಲ. ಇತ್ತಾಗ ಬಂದು ಓದ್ರಿ."

ಅವನು ಅವಳ ಭುಜದ ಪಕ್ಕ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಕಿವಿಗಳು ಕೆಂಪಾದವು.

"ಇದಕ್ಕ ಏನ್ ಹೇಳಬೇಕ್ರಿ?"

"ಅದನ್ನೂ ನಾನ ಟೈಪ್ ಮಾಡ್ಲೇನು?"

"ಬ್ಯಾಡ್ರಿ." ಅವನು ನೆಟ್ಟಗೆ ನಿಂತು ಉಸಿರೆಳೆದುಕೊಂಡ. "ನಿಮ್ಮನ್ನ ಬಿಟ್ಟು ನನಗ ಯಾರೂ ಬ್ಯಾಡ. ನಾಳೆ ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನಿ."

ಸುರೇಖಾ ಹಣೆ ಹಿಡಿದುಕೊಂಡಳು.

"ನಾಳೆ ಯಾಕ್ರಿ? ನಮ್ಮಪ್ಪ ಇವತ್ತ ಮನ್ಯಾಗ ಅದಾನ."