ಎದುರುಬದುರಾಗದ ಗಿಳಿಗಳು

'ಇವತ್ತೂ ಅವನ ಹತ್ರ ಬರೀ ಸೀರೆ, ಬಣ್ಣ ಅಂತ ಮಾತಾಡಿ ಕಳಿಸಿಬಿಡ್ತೀನೇನೋ...'

ಎಂದು ಬರೆದು ಡೈರಿ ಮುಚ್ಚುವಷ್ಟರಲ್ಲಿ ಬಾಗಿಲ ಬಳಿ ಸೈಕಲ್ ನಿಂತಿತು. ಅನುಸೂಯ ಅದನ್ನು ಸೀರೆಗಳಡಿ ತುರುಕಿದಳು!

ಮಾರುತೇಶ. ಹೊಳಲ್ಕೆರೆಯ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವನು. ಬಿಎ ಮುಗಿಸಿ, ಮನೆಯಲ್ಲೇ ಸೀರೆಗೆ ಸ್ಕ್ರೀನ್ ಪ್ರಿಂಟ್ ಹಾಕುವ ಅನುಸೂಯಳಿಗೆ ಹಳೆಯ ಎಕ್ಸ್‌ರೇ ಫಿಲ್ಮ್ ತಂದುಕೊಡುವವನೂ ಅವನೇ. ಅದನ್ನು ಸೋಡಾ ನೀರಿನಲ್ಲಿ ತೊಳೆದು, ಬ್ಲೇಡಿನಿಂದ ಹೂವೋ ಹಕ್ಕಿಯೋ ಕತ್ತರಿಸಿದರೆ ಅಚ್ಚು ಸಿದ್ಧ; ಆ ಕಿಂಡಿಯಲ್ಲಿ ಬಣ್ಣ ಒತ್ತಿದರೆ ಚಿತ್ರ ಸೀರೆಗಿಳಿಯುತ್ತದೆ.

"ತಗಳ್ರಿ, ಇದು ನಮ್ ರಾಮಗಿರಿ ಸಣ್ಣತಿಮ್ಮಪ್ಪನ ಮೊಣಕಾಲು. ಇದ್ರಾಗೆ ಒಳ್ಳೆ ಗಿಳಿ ಆಗ್ತಾವೆ!"

ನಗು ಉಕ್ಕಿತು. ಆದರೆ ಬಾಯಿಂದ ಬಂದದ್ದು, "ಹಸಿರು ಬಣ್ಣ ಖಾಲಿಯಾಗೈತೆ..."

ಥೂ!

ಅವನು ಚೀಲದಿಂದ ಕೆನೆಬಣ್ಣದ ಸೀರೆ ತೆಗೆದ. "ನಮ್ಮನೇಲಿ ಮದುವೆ ಕಣ್ರಿ. ಸೆರಗಿಗೆ ಜೋಡಿ ಗಿಳಿ ಹಾಕ್ರಿ. ಒಂದನ್ನೊಂದು ನೋಡ್ತಿರ್ಬೇಕು."

ಯಾರ ಮದುವೆ? ಕೇಳುವ ಬದಲು ಸೀರೆ ಒಳಗೆತ್ತಿಟ್ಟಳು. ಅವನದೇ ಇರಬೇಕು... ಇನ್ಯಾರದು!

ಒಂದು ಗಿಳಿ ಒತ್ತಿದ ಮೇಲೆ ಅಚ್ಚನ್ನು ತೊಳೆದು, ಮಗುಚಿ ಹಾಕಿ ಇನ್ನೊಂದನ್ನು ಒತ್ತಬೇಕು. ಆಗಲೇ ಅವು ಎದುರುಬದುರಾಗುವುದು. ಅವಳ ಕಣ್ಣು ಮಂಜಾಗಿತ್ತು. ಮಗುಚುವುದೇ ಮರೆತುಹೋಯಿತು!

ಸೀರೆ ಒಯ್ಯಲು ಅವನು ಬಂದ ದಿನ, ಹಗ್ಗದ ಮೇಲಿನ ಸೆರಗು ನೋಡಿ ಅಮ್ಮ ಚಂದ್ರಕ್ಕ ಹಣೆ ಚಚ್ಚಿಕೊಂಡಳು.

"ಏನೇ ಇದು! ಒಂದರ ಹಿಂದೊಂದು ಹೊಂಟವಲ್ಲೇ! ಮದುವೆ ಸೀರೆ ಕಣೇ!"

ಮಾರುತೇಶ ಜೋರಾಗಿ ನಕ್ಕ. "ಇರ್ಲಿ ಬಿಡ್ರಿ ಚಂದ್ರಕ್ಕ. ನಮ್ ತಂಗಿ ಅನುಪಮಾ ಮದುವೆ ಆಗೋನ್ನ ಈಗ್ಲೇ ಹಿಂಗೇ ಹಿಂದಿಂದೆ ಓಡಾಡಿಸ್ತಾಳೆ."

"ತಂಗೀದಾ?!"

ಅನುಸೂಯಳ ದನಿ ಅವಳಿಗೇ ಗಾಬರಿ ಹುಟ್ಟಿಸಿತು.

"ಮತ್ಯಾರ್ದು ಅನ್ಕಂಡಿದ್ರಿ?"

ಚಂದ್ರಕ್ಕ ಇಬ್ಬರನ್ನೂ ಒಮ್ಮೆ ನೋಡಿ, "ಕಾಫಿ ಇಡ್ತೀನಿ, ಕುಂತ್ಕಳ್ರಿ" ಎಂದು ಒಳಗೆ ಸರಿದಳು.

ಅವನು ಹಿಂದಿನ ಗಿಳಿಯ ಮೇಲೆ ಬೆರಳಿಟ್ಟ. "ಪಾಪ, ಇದು ನನ್ನಂಗೇ. ಮುಂದಿಂದು ತಿರುಗಿ ನೋಡದಿದ್ರೂ ಬೆನ್ನು ಬಿಡಲ್ಲ..." ದನಿ ತಗ್ಗಿತು. "ಯಾವತ್ತೂ ತಪ್ಪದ ಕೈ ಯಾಕೆ ತಪ್ತು, ಹೇಳ್ರಿ?"

'ಬಣ್ಣ ನೀರಾಗಿತ್ತು ಅಂದುಬಿಡಲೇ?'

ಅವಳು ತಲೆಯೆತ್ತಿದಳು. ಮೊದಲ ಸಲ ಅವನ ಕಣ್ಣುಗಳನ್ನೇ ನೋಡಿದಳು.

"ನಿಮಗೆ ಬೇರೆಯವ್ರ ಜೊತೆ ಮದುವೆ ಅನ್ಕಂಡೆ... ಅಳ್ತಾ ಅಳ್ತಾ ಒತ್ತಿದೆ ರೀ."