ನಾಲ್ಕು ಸೆಕೆಂಡು ಕಾಣದ ಭರಣಿ

ತಾಹಿರ್ ನನ್ನನ್ನು ಮೊದಲ ಸಲ ಬೈದಾಗ ಅವನಿಗೆ ನನ್ನ ಹೆಸರು ಮಾತ್ರ ಗೊತ್ತಿತ್ತು. ನನಗೆ ಅವನ ಕೈಗಳು ಮಾತ್ರ ಗೊತ್ತಿದ್ದವು.

ನಾನು ಹಫ್ಸಾ. ಊರು ತುಮಕೂರು, ಕೆಲಸ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ. ಆನ್‌ಲೈನ್‌ನಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಜಗಳ ಬಿದ್ದರೆ ತೀರ್ಪು ಕೊಡುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಜಗಳ. ಒಡೆದ ಕಪ್ಪು, ಬಣ್ಣ ಬೇರೆಯಾದ ಪರದೆ, ಎರಡೂ ಎಡಗಾಲಿನದೇ ಆಗಿ ಬಂದ ಚಪ್ಪಲಿ. ಇಷ್ಟು ನೋಡಿದ ಮೇಲೆ ಯಾರ ಮೇಲೂ ಸುಲಭವಾಗಿ ಮನಸ್ಸಾಗುವುದಿಲ್ಲ. ಅಮ್ಮಿ ಫೋನಿನಲ್ಲಿ ಗಂಡಿನ ಸುದ್ದಿ ತೆಗೆದಾಗಲೆಲ್ಲ, ಹುಡುಗನ ಮೇಲೆ ಎಷ್ಟು ದೂರುಗಳಿವೆ ಎಂದು ಕೇಳಿ ಬೈಸಿಕೊಳ್ಳುತ್ತೇನೆ.

ನಮ್ಮ ನಿಯಮ ಸರಳ. ಮಾರುವವರು ಸಾಮಾನು ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿಡಬೇಕು, ಸಾಮಾನು ಒಂದು ಕ್ಷಣವೂ ಕ್ಯಾಮೆರಾದ ಕಣ್ಣು ತಪ್ಪಬಾರದು. ಕೊಂಡವರು ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಬೇಕು, ಇಲ್ಲದಿದ್ದರೆ ದೂರು ನಡೆಯುವುದಿಲ್ಲ. ದೂರು ಬಂದಾಗ ಮಾತ್ರ ಆ ಎರಡು ವಿಡಿಯೋ ನನ್ನ ಮುಂದೆ ಬರುತ್ತವೆ. ಮೂರು ಸಲ ತೀರ್ಪು ವಿರುದ್ಧ ಬಿದ್ದರೆ ಮಾರುವವರ ಅಂಗಡಿ ಬಂದ್.

ತಾಹಿರ್ ಮಾರುತ್ತಿದ್ದುದು ಪಿಂಗಾಣಿಯ ಉಪ್ಪಿನಕಾಯಿ ಭರಣಿಗಳನ್ನು. ಒಂದೇ ತಿಂಗಳಲ್ಲಿ ಎರಡು ಸಲ ನಾನು ಅವನ ವಿರುದ್ಧ ತೀರ್ಪು ಕೊಟ್ಟಿದ್ದೆ. ಒಂದರಲ್ಲಿ ಮುಚ್ಚಳಕ್ಕೆ ಬಟ್ಟೆ ಸುತ್ತಿರಲಿಲ್ಲ, ಇನ್ನೊಂದರಲ್ಲಿ ಹೇಳಿದ್ದಕ್ಕಿಂತ ಚಿಕ್ಕ ಭರಣಿ ಕಳಿಸಿದ್ದ. ಎರಡೂ ಅವನದೇ ತಪ್ಪು, ಇವತ್ತಿಗೂ ಹಾಗೇ ಹೇಳುತ್ತೇನೆ. ಭರಣಿ ಒಡೆದಿದೆ ಎಂದು ಮೂರನೆಯ ದೂರು ಬಂದಾಗ ಅವನ ವಿಡಿಯೋ ತೆರೆದೆ. ಮೇಲಿನಿಂದ ತೆಗೆದ ಚಿತ್ರ. ಮೇಜು, ಭರಣಿ, ಎರಡು ಕೈ. ಉದ್ದನೆಯ ಬೆರಳುಗಳು ಭರಣಿಯ ಕುತ್ತಿಗೆಗೆ ಹತ್ತಿಬಟ್ಟೆ ಸುತ್ತುತ್ತಿದ್ದವು, ಅಷ್ಟು ಮೆತ್ತಗೆ. ಆದರೆ ಬಾಯಿ ಮೆತ್ತಗಿರಲಿಲ್ಲ.

"ಹಫ್ಸಾ ಅನ್ನಾಕಿ ಒಬ್ಬಾಕಿ ಅದಾಳ," ಎಂದು ಅವನು ಭರಣಿಗೆ ಹೇಳುತ್ತಿದ್ದ, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ. "ಸುಬಾಂಗ್ ಜಯಾದಾಗ ಏಸಿ ಹಚ್ಕೊಂಡು ಮಹಾರಾಣಿಗತೆ ಕುಂತಿರ್ತಾಳ. ಜೀವನದಾಗ ಒಂದು ಭರಣಿ ಕೈಯಾಗ ಹಿಡಿದಿಲ್ಲ, ತೀರ್ಪು ಕೊಡಾಕ ಮಾತ್ರ ಮುಂದ."

ನನ್ನ ಕಿವಿ ಬಿಸಿಯಾಯಿತು. ಅವನ ಲೆಕ್ಕಾಚಾರ ಆಮೇಲೆ ತಿಳಿಯಿತು. ತೀರ್ಪಿನ ಕೆಳಗೆ ಹಫ್ಸಾ ಎಂಬ ಹೆಸರು ನೋಡಿ ನಾನು ಮಲಯ್ ಹುಡುಗಿ ಎಂದುಕೊಂಡಿದ್ದ. ತಮಿಳಿನಲ್ಲಿ ಬೈದರೆ ಅವನಿರುವ ಕ್ಲಾಂಗ್‌ನಲ್ಲಿ ಬೀದಿಗೊಬ್ಬರಿಗೆ ಅರ್ಥವಾಗುತ್ತದೆ, ಉರ್ದುವಿನಲ್ಲಿ ಬೈದರೆ ಮನೆಯಲ್ಲಿ ಅಕ್ಕನಿಗೆ ಅರ್ಥವಾಗುತ್ತದೆ. ನೆಮ್ಮದಿಯಾಗಿ ಬೈಯಲು ಅವನಿಗೆ ಉಳಿದದ್ದು ಕನ್ನಡ ಒಂದೇ.

ಸಿಟ್ಟಿನಲ್ಲಿ ಆ ವಿಡಿಯೋವನ್ನು ಮೂರು ಸಲ ನೋಡಿದೆ, ತಪ್ಪು ಹುಡುಕಲು. ಒಂದೂ ಸಿಗಲಿಲ್ಲ. ಕೊಂಡವರ ವಿಡಿಯೋದಲ್ಲಿ ಅವರೇ ಕತ್ತರಿಯಿಂದ ಭರಣಿಗೆ ತಿವಿದದ್ದು ಸ್ಪಷ್ಟವಾಗಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಅವನನ್ನು ಗೆಲ್ಲಿಸಿದೆ. ತೀರ್ಪಿನ ಕೊನೆಗೆ ಒಂದೇ ಒಂದು ಸಾಲು ಕನ್ನಡದಲ್ಲಿ ಟೈಪ್ ಮಾಡಿದೆ. "ಏಸಿ ಕೆಟ್ಟು ಎರಡು ವಾರವಾಯಿತು. ಮಹಾರಾಣಿ ಬೆವರುತ್ತಿದ್ದಾಳೆ."

ಮರುದಿನ ಮಧ್ಯಾಹ್ನವೇ ಅವನು ಬಂದ. ಆಫೀಸಿನ ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ನಾನು ಊಟ ಪಾರ್ಸೆಲ್ ಕಟ್ಟಿಸುತ್ತ ನಿಂತಿದ್ದೆ. ಯಾರೋ ಪಕ್ಕಕ್ಕೆ ಬಂದು ನನ್ನ ಕೊರಳಲ್ಲಿ ತೂಗುತ್ತಿದ್ದ ಐಡಿ ಕಾರ್ಡನ್ನು ಓದಿದರು. ಮೊದಲು ನಾನು ನೋಡಿದ್ದು ಕೈ. ಮುಖ ನೋಡುವ ಅಗತ್ಯವೇ ಬೀಳಲಿಲ್ಲ, ಆದರೂ ನೋಡಿದೆ. ದಪ್ಪ ಹುಬ್ಬು, ನಿದ್ದೆಗೆಟ್ಟ ಕಣ್ಣು, ಹುಡುಗಿಯರಿಗೂ ಹೊಟ್ಟೆಕಿಚ್ಚಾಗುವಂಥ ರೆಪ್ಪೆ. ಅಷ್ಟು ಬೈಯುವ ಬಾಯಿ ಈಗ ಒಣಗಿತ್ತು.

ಕ್ಷಮೆ ಕೇಳಲು ಬಂದೆ ಎಂದ. ತಾನು ಬಂದರಿನ ಕಂಟೇನರ್ ಯಾರ್ಡಿನಲ್ಲಿ ಗುಮಾಸ್ತನಾಗಿದ್ದುದು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಈ ಅಂಗಡಿ ತೆರೆದದ್ದು, ಅಕ್ಕ ಖುರ್ಷೀದಾ ಆಪಾ ಅದೇ ಅಂಗಡಿಗೆ ಉಪ್ಪಿನಕಾಯಿ ಹಾಕುವುದು, ಇನ್ನೊಂದು ತೀರ್ಪು ವಿರುದ್ಧ ಬಿದ್ದರೆ ಇಬ್ಬರೂ ಬೀದಿಗೆ ಬರುವುದು, ಎಲ್ಲ ಒಂದೇ ಉಸಿರಿಗೆ ಹೇಳಿದ. ಹೇಳುತ್ತಿದ್ದಷ್ಟು ಹೊತ್ತು ನನ್ನ ಕಣ್ಣು ತಪ್ಪಿಸಿ ಐಡಿ ಕಾರ್ಡನ್ನೇ ನೋಡುತ್ತಿದ್ದ. ಕೊನೆಗೆ ಚೀಲದಿಂದ ಒಂದು ಪುಟ್ಟ ಭರಣಿ ತೆಗೆದು ಮೇಜಿನ ಮೇಲಿಟ್ಟ. ಆಪಾ ಹಾಕಿದ ಮಾವಿನಕಾಯಿ ಅಂತೆ.

"ತಗೊಂಡು ಹೋಗಿ," ಎಂದೆ. "ಮಾರೋವ್ರ ಕೈಯಿಂದ ನಾನು ಒಂದು ಲೋಟ ಟೀನೂ ಕುಡಿಯೋ ಹಾಗಿಲ್ಲ."

"ಉಪ್ಪಿನಕಾಯಿನೂ ಲಂಚ ಆಗ್ತೈತೇನ್ರಿ?"

"ಆಗುತ್ತೆ."

ಈಗ ಅವನು ನನ್ನ ಕಣ್ಣನ್ನೇ ನೋಡಿದ. ಎರಡು ನಿಮಿಷದ ಹಿಂದಿನ ಕ್ಷಮೆ ಎಲ್ಲಿ ಹೋಯಿತೋ. ಸೊಕ್ಕು ಅಂದರೆ ನೀವೇ, ಎಂದ. ಕೆಲಸ ಬರದವರಿಗೆ ನಿಯಮ ಸೊಕ್ಕಿನ ಹಾಗೇ ಕಾಣುತ್ತದೆ, ಎಂದೆ. ಬಟ್ಟೆ ಸುತ್ತದ ಮುಚ್ಚಳದ ಜಗಳವನ್ನು ಮತ್ತೆ ಮೊದಲಿನಿಂದ ಆಡಿದೆವು. ಗಲ್ಲಾದಲ್ಲಿದ್ದ ತಮಿಳು ಅಣ್ಣ ನನ್ನ ಊಟದ ಪೊಟ್ಟಣ ಹಿಡಿದುಕೊಂಡು ಆಚೆ ಈಚೆ ನೋಡುತ್ತಿದ್ದ. ತಾಹಿರ್ ಭರಣಿಯನ್ನು ಚೀಲಕ್ಕೆ ಹಾಕಿಕೊಂಡು, ಹೇಳದೆ ಕೇಳದೆ ಹೊರಟುಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನಿಂತೇ ಇದ್ದೆ. ಊಟ ಆರಿಹೋಯಿತು.

ಆಮೇಲೆ ಆರು ವಾರ ಅವನ ಮೇಲೆ ಒಂದೂ ದೂರು ಬರಲಿಲ್ಲ.

ಒಳ್ಳೆಯದೇ ಆಯಿತಲ್ಲ, ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ದೂರುಗಳ ಪಟ್ಟಿಯಲ್ಲಿ ಭರಣಿ ಎಂಬುದನ್ನು ಹುಡುಕುತ್ತಿದ್ದೆ. ಇಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ಮೇಲೂ ರೇಗುತ್ತಿದ್ದೆ. ಅವನ ದೂರಿಲ್ಲದ ವಿಡಿಯೋಗಳೆಲ್ಲ ಅದೇ ಕಂಪ್ಯೂಟರಿನಲ್ಲಿದ್ದವು. ಒಂದು ಗುಂಡಿ ಒತ್ತಿದರೆ ಆ ಕೈ, ಆ ದನಿ. ಆದರೆ ದೂರಿಲ್ಲದೆ ತೆರೆಯುವುದು ತಪ್ಪು. ನಾನು ಒತ್ತಲಿಲ್ಲ. ಬೈಸಿಕೊಳ್ಳಲು ಹೀಗೆ ಹಂಬಲಿಸುವ ಹೆಣ್ಣು ಇನ್ನೊಬ್ಬಳಿದ್ದರೆ ತೋರಿಸಿ.

ಏಳನೆಯ ವಾರ ಬಂತು. ನಿಲಾಯ್ ಊರಿನ ಒಬ್ಬ ಹೆಂಗಸಿನ ದೂರು, ಭರಣಿಯ ಹೊಟ್ಟೆ ಬಿರುಕು ಬಿಟ್ಟಿದೆ ಎಂದು. ಆಕೆಯ ವಿಡಿಯೋದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಾನು ಅವನದನ್ನು ತೆರೆದೆ.

ಅದೇ ಮೇಜು. ಬಟ್ಟೆ ಸುತ್ತುತ್ತ ಅವನು ಮಾತಾಡುತ್ತಿದ್ದ, ಈ ಸಲ ಭರಣಿಯ ಜೊತೆಗಲ್ಲ.

"ಮೇಡಂ, ಇವತ್ತ ಇದು ಇಪ್ಪತ್ಮೂರನೇ ಪಾರ್ಸಲ್. ಇಪ್ಪತ್ಮೂರರಾಗೂ ನಿಮ್ಮ ಜೋಡಿ ಮಾತಾಡೇನಿ. ದಿನಾ ಮಾತಾಡ್ತೀನಿ. ಯಾರರೇ ದೂರು ಕೊಟ್ರಷ್ಟ ಅದು ನಿಮಗ ಮುಟ್ಟತೈತಿ. ದೂರು ಬಂತಂದ್ರ ನನ್ನ ಅಂಗಡಿ ಹೋಗ್ತೈತಿ. ಅಲ್ಲಾನ ಕಡೆ ಏನ್ ಕೇಳ್ಕೋಬೇಕು ಅನ್ನೋದ ತಿಳಿವಲ್ದು."

ಅಷ್ಟು ಹೇಳಿ ಕ್ಯಾಮೆರಾವನ್ನು ತನ್ನ ಮುಖಕ್ಕೆ ತಿರುಗಿಸಿದ. ಹುಬ್ಬಿನ ಮೇಲೆ ಬೆವರಿತ್ತು.

"ಸಿಟ್ಟು ಅನ್ಕೊಂಡಿದ್ದೆ," ಎಂದ. "ಸಿಟ್ಟಲ್ರಿ ಇದು."

ಕ್ಯಾಮೆರಾ ಮತ್ತೆ ಮೇಜಿಗೆ ಬಂತು. ಭರಣಿ ಅಲ್ಲೇ ಇತ್ತು, ಪೆಟ್ಟಿಗೆಯಲ್ಲಿ ಕೂತು, ಟೇಪು ಬಿದ್ದು, ಮುಗಿಯಿತು. ನಾನು ಸಮಯ ನೋಡಿದೆ. ನೋಡದೆ ಇರಲು ನನ್ನಿಂದಾಗುವುದಿಲ್ಲ. ನಾಲ್ಕು ಸೆಕೆಂಡು ಭರಣಿ ಕ್ಯಾಮೆರಾದಲ್ಲಿ ಇರಲಿಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ಒಳ್ಳೆಯ ಭರಣಿ ತೆಗೆದು ಬಿರುಕಿನದನ್ನು ಇಟ್ಟನೆಂದು ಯಾರು ಬೇಕಾದರೂ ಹೇಳಬಹುದು. ನಿಯಮದ ಪ್ರಕಾರ ಅವನು ಸೋತಿದ್ದ. ನನಗೆ ಒಲವು ಹೇಳಲು ಹೋಗಿ ಅಂಗಡಿಯನ್ನೇ ಕಳೆದುಕೊಂಡಿದ್ದ.

ಅವನು ಮೋಸ ಮಾಡಿಲ್ಲವೆಂದು ನನ್ನ ಜೀವಕ್ಕೆ ಗೊತ್ತಿತ್ತು. ಆ ನಾಲ್ಕು ಸೆಕೆಂಡು ಕಂಡೇ ಇಲ್ಲವೆಂಬಂತೆ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಅರ್ಧ ಗಂಟೆ ಕೈ ಕೀಬೋರ್ಡಿನ ಮೇಲಿಟ್ಟು ಕೂತೆ. ನಾನು ಅವನನ್ನು ಗೆಲ್ಲಿಸಲು ಕಾರಣ ಹುಡುಕುತ್ತಿದ್ದೆ, ನ್ಯಾಯವನ್ನಲ್ಲ. ಅದು ಗೊತ್ತಾದ ಮೇಲೆ ಆ ತೀರ್ಪು ನಾನು ಕೊಡುವಂಥದ್ದಾಗಿರಲಿಲ್ಲ.

ಹೀಗೆ ತೀರ್ಪು ಬಿಟ್ಟುಕೊಡಲು ನಮ್ಮಲ್ಲಿ ಒಂದು ಫಾರ್ಮಿದೆ. ಮಾರುವವರಿಗೂ ನಿಮಗೂ ಇರುವ ಸಂಬಂಧ ಏನು, ಎಂದು ಕೇಳುತ್ತದೆ. ಬಂಧು, ಸ್ನೇಹಿತ, ವ್ಯಾಪಾರದ ಪಾಲುದಾರ, ಇತರೆ. ನಾನು ಇತರೆ ಎಂಬುದಕ್ಕೆ ಗುರುತು ಹಾಕಿದೆ. ವಿವರ ಕೊಡಿ ಎಂದಿತು. ಬರೆದೆ. "ನಾನು ಇವರನ್ನು ಪ್ರೀತಿಸುತ್ತೇನೆ. ಇವರಿಗೆ ಇನ್ನೂ ಗೊತ್ತಿಲ್ಲ."

ನಮ್ಮ ಮೇಲಧಿಕಾರಿ ಪುವಾನ್ ರೋಸ್ನಾ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಬೇರೆ ಯಾರ ಕೈಗೆ ಕೊಟ್ಟರೂ ಹುಡುಗ ಸೋಲುತ್ತಾನೆ, ಗೊತ್ತಲ್ಲ ಎಂದರು. ಗೊತ್ತು ಎಂದೆ. ತೀರ್ಪುಗಾರರು ಬದಲಾದರೆ ಕಾರಣವನ್ನು ಎರಡೂ ಕಡೆಯವರಿಗೆ ಕಳಿಸಬೇಕಾಗುತ್ತದೆ, ನಿಲಾಯ್‌ನ ಆ ಹೆಂಗಸೂ ಓದುತ್ತಾಳೆ, ಎಂದರು. ಓದಲಿ ಎಂದೆ.

ನಾಲ್ಕನೆಯ ದಿನ ತೀರ್ಪು ಬಂತು. ಸೋತ. ಅಂಗಡಿ ಬಂದ್.

ಶುಕ್ರವಾರ ಊಟದ ಹೊತ್ತಿಗೆ ಅದೇ ಮಾಮಕ್ ಹೋಟೆಲಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಎದುರಿನ ಕುರ್ಚಿ ಎಳೆದು ತಾಹಿರ್ ಕೂತ. ಗಡ್ಡ ಬೆಳೆದಿತ್ತು. ಒಂದು ಸಣ್ಣ ಪೆಟ್ಟಿಗೆಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ.

"ನಿಮ್ಮ ಕೈಯಾಗ ಇದ್ದಿದ್ರ ಅಂಗಡಿ ಉಳೀತಿತ್ತು," ಎಂದ.

"ಉಳೀತಿತ್ತು. ಅದಕ್ಕೇ ಬಿಟ್ಟೆ."

ಸೋಮವಾರದಿಂದ ಮತ್ತೆ ಯಾರ್ಡಿಗೆ ಹೋಗಬೇಕು, ಆಪಾ ಎರಡು ದಿನದಿಂದ ತನ್ನ ಜೊತೆ ಮಾತು ಬಿಟ್ಟಿದ್ದಾಳೆ, ಎಂದ. ಇಡೀ ಮಲೇಷ್ಯಾದಲ್ಲಿ ನಿಯಮ ಪಾಲಿಸಲು ನಿಮಗೆ ನಾನೇ ಸಿಕ್ಕಿದೆನೇ, ಎಂದು ಕೇಳಿದ. ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಕ್ಯಾಮೆರಾ ತಿರುಗಿಸಿ ಅಂತ ನಿಮಗೆ ಯಾರು ಹೇಳಿದ್ದು? ಭರಣಿ ಕಾಣೋ ಹಾಗೆ ಇಟ್ಕೊಂಡೇ ಹೇಳೋಕೆ ಆಗ್ತಿರಲಿಲ್ವಾ?"

"ಭರಣಿಗೆ ಹೇಳಿ ಹೇಳಿ ಸಾಕಾಗಿತ್ರಿ."

ಅವನು ಫೋನು ತೆಗೆದು ನನ್ನ ಫಾರ್ಮಿನ ಸಾಲನ್ನು ತೋರಿಸಿದ.

"ಇದು ಖರೇನಾ?"

"ಕಂಪನಿ ಫಾರ್ಮಲ್ಲಿ ಸುಳ್ಳು ಬರೆದ್ರೆ ನನ್ನ ಕೆಲಸ ಹೋಗುತ್ತೆ."

ಅವನು ನಗಲಿಲ್ಲ. ಆದರೆ ರೆಪ್ಪೆಗಳು ಕೆಳಗಾದವು, ಕಿವಿಯ ತುದಿ ಕೆಂಪಾಯಿತು. ನನಗೆ ಅಷ್ಟೇ ಸಾಕಾಯಿತು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದ. ನಾಲ್ಕೂ ಕಡೆ ಟೇಪು, ಅವನ ಕೈಯ ಕೆಲಸ.

"ಈಗ ನಾ ಮಾರೋನಲ್ಲ," ಎಂದ. "ಇದು ಲಂಚ ಆಗೂದಿಲ್ಲ. ವಿಡಿಯೋ ಹಚ್ಕೊಂಡು ಬಿಚ್ರಿ. ಇಲ್ಲಂದ್ರ ನಾಳೆ ನಿಮ್ಮ ದೂರು ನಡೆಯೂದಿಲ್ಲ."

ನಾನು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ. ಎರಡೂ ಕೈಯಿಂದ ಟೇಪು ಬಿಚ್ಚಿದೆ. ಹತ್ತಿಬಟ್ಟೆಯೊಳಗೆ ಅವತ್ತು ವಾಪಸ್ ಕಳಿಸಿದ್ದ ಅದೇ ಪುಟ್ಟ ಭರಣಿ. ಮುಚ್ಚಳದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಹಾರಿತ್ತು. ನಾಲ್ಕು ವರ್ಷದಿಂದ ಇಂಥದ್ದನ್ನೇ ಹುಡುಕಿ ಸಂಬಳ ತಿನ್ನುವ ನನ್ನ ಕಣ್ಣಿಗೆ ಮೊದಲು ಕಂಡದ್ದೇ ಅದು. ಅವನಿಗೂ ಕಂಡಿತು. ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಎರಡು ಹೋಳು ನನ್ನ ತಟ್ಟೆಗೆ ಹಾಕಿಕೊಂಡೆ, ತಟ್ಟೆಯನ್ನು ಮೇಜಿನ ನಡುವಿಗೆ ಸರಿಸಿದೆ.